ಡಿಸ್ಚಾರ್ಜ್ ಚೀಟಿಯಲ್ಲಿ ‘ನ್ಯೂರೋಟಾಕ್ಸಿಕ್’ ಅಂತ ಬರೆದಿದ್ದಾರೆ. ಈ ಪದದ ಅರ್ಥ ಏನು, ಎಲ್ಲಿಂದ ಬಂತು?

ಅರಸೀಕೆರೆ ತೆಂಗು:

ಎಲ್ಲರಿಗೂ ನಮಸ್ಕಾರ. ಒಂದು ಪದದ ಬಗ್ಗೆ ಕೇಳಬೇಕಿತ್ತು. ಹಿಂದಿನ ಕಥೆ ಹೇಳದೆ ಕೇಳಿದರೆ ಯಾಕೆ ಕೇಳುತ್ತಿದ್ದೇನೆ ಅಂತ ಗೊತ್ತಾಗುವುದಿಲ್ಲ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಹೋದ ತಿಂಗಳು ನಮ್ಮ ಚಿಕ್ಕಪ್ಪನಿಗೆ ಹಾವು ಕಚ್ಚಿತು. ತೋಟದ ಮನೆಯಲ್ಲಿ ಕೊಬ್ಬರಿ ಕಾವಲಿಗೆ ಮಲಗಿದ್ದರು. ನೆಲದ ಮೇಲೆ ಚಾಪೆ, ಹೊದೆಯಲು ಕಂಬಳಿ. ನಡುರಾತ್ರಿ ಮೊಣಕೈ ಹತ್ತಿರ ಇರುವೆ ಕಚ್ಚಿದ ಹಾಗಾಯಿತಂತೆ. ಉಜ್ಜಿಕೊಂಡು ಮಗ್ಗುಲು ಬದಲಿಸಿದರು. ಬೆಳಗಿನ ಜಾವ ಹೊಟ್ಟೆ ಹಿಂಡುತ್ತಿದೆ ಅಂತ ಎದ್ದು ಮನೆಗೆ ಬಂದರು. ಊತ ಇಲ್ಲ, ರಕ್ತ ಇಲ್ಲ. ಚಿಕ್ಕಮ್ಮ ಗ್ಯಾಸು ಇರಬೇಕು ಅಂತ ಜೀರಿಗೆ ಕಷಾಯ ಕೊಟ್ಟರು. ಲೋಟ ಖಾಲಿ ಆಗುವ ಮೊದಲೇ ಎರಡೂ ಕಣ್ಣಿನ ರೆಪ್ಪೆ ಜೋತುಬಿದ್ದವು. ನಿದ್ದೆ ಬಂದಿದೆ ಅಂದುಕೊಂಡೆವು. ಚಿಕ್ಕಮ್ಮ ಬೆರಳಿಂದ ರೆಪ್ಪೆ ಎತ್ತಿದರೆ ಒಳಗೆ ಕಣ್ಣು ನೆಟ್ಟಗೆ ಅವರನ್ನೇ ನೋಡುತ್ತಿತ್ತು. ಬೆರಳು ಬಿಟ್ಟರೆ ರೆಪ್ಪೆ ಮತ್ತೆ ಇಳಿಯುತ್ತಿತ್ತು. ಮಾತು ತೊದಲಿತು. ಎಂಜಲು ನುಂಗಲು ಆಗಲಿಲ್ಲ. ನನ್ನ ತಮ್ಮ ತೋಟಕ್ಕೆ ಓಡಿ ಹೋಗಿ ಚಾಪೆ ಎತ್ತಿದ. ಕೆಳಗೆ ಕಟ್ಟುಹಾವು ಸುತ್ತಿಕೊಂಡು ಮಲಗಿತ್ತು.

ಪಕ್ಕದ ಊರಿನಲ್ಲಿ ನಂಜು ಇಳಿಸುವವರಿದ್ದಾರೆ, ಮೊದಲು ಅಲ್ಲಿಗೆ ಹೋಗೋಣ ಅಂತ ಕೆಲವರು ಹಿಡಿದುಕೊಂಡರು. ನಮ್ಮ ಸೋದರತ್ತೆ ಒಪ್ಪಲಿಲ್ಲ. 108ಕ್ಕೆ ಫೋನ್ ಮಾಡಿದೆವು. ಹಾಸನ ಮುಟ್ಟುವಷ್ಟರಲ್ಲಿ ಉಸಿರು ಸಣ್ಣಗಾಗಿತ್ತು. 6 ದಿನ ವೆಂಟಿಲೇಟರ್, ಒಟ್ಟು 11 ದಿನ ಆಸ್ಪತ್ರೆ. ಬದುಕಿ ಬಂದರು.

ಈಗ ವಿಷಯಕ್ಕೆ ಬರುತ್ತೇನೆ. ಚೀಟಿ ಪೂರ್ತಿ ಇಂಗ್ಲಿಷ್. ಯಾರೂ ಕೂರಿಸಿ ವಿವರಿಸಲಿಲ್ಲ. ‘ನ್ಯೂರೋಟಾಕ್ಸಿಕ್’ ಅಂತ ಎರಡು ಕಡೆ ಇದೆ. ನಮ್ಮ ಬೀದಿಯಲ್ಲಿ ಓದಿದವರೊಬ್ಬರು ‘ನರ ನಾಶ ಮಾಡುವ ವಿಷ’ ಅಂತ ಅರ್ಥ ಹೇಳಿದರು. ಅವತ್ತಿಂದ ಚಿಕ್ಕಮ್ಮನಿಗೆ ನಿದ್ದೆ ಇಲ್ಲ. ‘ನರ ನಾಶ ಆದ ಮೇಲೆ ಇನ್ನೇನು ಉಳಿಯಿತು’ ಅಂತಾರೆ. ಬೆಳಿಗ್ಗೆ ಸಂಜೆ ತಮ್ಮ ಎರಡು ಬೆರಳು ಚಾಚಿ, ಗಟ್ಟಿಯಾಗಿ ಹಿಡೀರಿ ನೋಡೋಣ ಅಂತ ಚಿಕ್ಕಪ್ಪನ ಕೈಗೆ ಕೊಡುತ್ತಾರೆ. ನಾಶ ಅನ್ನುವ ಅರ್ಥ ಸರಿಯಾ? ಪದದ ಮೂಲ ಏನು? ಚಿಕ್ಕಮ್ಮನಿಗೆ ಹೇಳುವುದಕ್ಕೆ ಕನ್ನಡದಲ್ಲಿ ಏನನ್ನಬೇಕು?

ಹಾಸನ ನರ್ಸಕ್ಕ:

ತಮ್ಮಾ, ಮೊದಲು ನಿಮ್ಮ ಸೋದರತ್ತೆಗೆ ನನ್ನ ನಮಸ್ಕಾರ ಹೇಳಿ. ಜೀವ ಉಳಿಸಿದ್ದು ಆ ತೀರ್ಮಾನ.

‘ನಾಶ’ ಅನ್ನುವ ಮಾತು ಚಿಕ್ಕಮ್ಮನ ತಲೆಯಿಂದ ತೆಗೆಸಿ. ನರ ಒಂದು ತಂತಿಯ ಹಾಗೆ ಸೀದಾ ಮಾಂಸಖಂಡಕ್ಕೆ ಅಂಟಿಕೊಂಡಿರುವುದಿಲ್ಲ. ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಸಂದು ಇದೆ. ನರದ ತುದಿ ಆ ಸಂದಿಗೆ ಅಸಿಟೈಲ್‌ಕೋಲಿನ್ ಅನ್ನುವ ರಸ ಬಿಡುತ್ತದೆ. ಆಚೆ ದಡದಲ್ಲಿ ಮಾಂಸಖಂಡ ಅದನ್ನು ಹಿಡಿದುಕೊಂಡು ಬಿಗಿಯುತ್ತದೆ. ರೆಪ್ಪೆ ಎತ್ತುವುದು, ನುಂಗುವುದು, ಉಸಿರೆಳೆಯುವುದು ಎಲ್ಲಾ ಹೀಗೇ. ಹಾವಿನ ವಿಷ ಕೆಲಸ ಮಾಡುವುದು ಈ ಸಂದಿನಲ್ಲಿ. ಮೆದುಳಿನಲ್ಲಿ ಅಲ್ಲ.

ನಾಗರಹಾವಿನ ವಿಷ ಆಚೆ ದಡದಲ್ಲಿ ಕೂರುತ್ತದೆ. ರಸ ಬಂದರೂ ಹಿಡಿಯಲು ಜಾಗ ಇರುವುದಿಲ್ಲ. ಕಟ್ಟುಹಾವಿನ ವಿಷದಲ್ಲಿ ಅಂಥದ್ದೂ ಇದೆ, ಜೊತೆಗೆ ಈಚೆ ದಡದ್ದೂ ಇದೆ. ಈಚೆ ದಡದ್ದು ನರದ ತುದಿಯನ್ನೇ ಕೆಡಿಸುತ್ತದೆ. ಒಮ್ಮೆ ಕೆಡಿಸಿದ ಮೇಲೆ ಹಾವಿನ ಮದ್ದು ಕೊಟ್ಟರೂ ತಕ್ಷಣ ಸರಿಹೋಗುವುದಿಲ್ಲ. ತುದಿ ಮತ್ತೆ ಬೆಳೆಯಬೇಕು. ಬೆಳೆಯುತ್ತದೆ! ಅದಕ್ಕೆ ದಿನಗಳು ಬೇಕು, ಕೆಲವರಿಗೆ ವಾರಗಳು. ಅಲ್ಲಿಯವರೆಗೆ ಉಸಿರನ್ನು ಯಂತ್ರ ನೋಡಿಕೊಳ್ಳುತ್ತದೆ. ನಿಮ್ಮ ಚಿಕ್ಕಪ್ಪ 6 ದಿನ ವೆಂಟಿಲೇಟರಿನಲ್ಲಿ ಇದ್ದದ್ದು ಅದಕ್ಕೇ. ಅವರು ಈಗ ನುಂಗುತ್ತಿದ್ದಾರೆ, ಮಾತಾಡುತ್ತಿದ್ದಾರೆ ಅಂದರೆ ತುದಿಗಳು ಕೆಲಸಕ್ಕೆ ಬಂದಿವೆ ಅಂತಲೇ ಅರ್ಥ. ಆದರೂ ಮತ್ತೆ ತೋರಿಸಲು ಕರೆದ ದಿನ ತಪ್ಪಿಸಬೇಡಿ.

ಇನ್ನೊಂದು. ಅವರನ್ನು ಕೇಳಿ ನೋಡಿ, ಕಣ್ಣು ಮುಚ್ಚಿ ಮಲಗಿದ್ದಾಗ ಏನೇನು ಕೇಳಿಸಿತು ಅಂತ. ಎಷ್ಟೋ ಜನಕ್ಕೆ ಎಲ್ಲಾ ಕೇಳಿಸುತ್ತಿರುತ್ತದೆ. ಅದಕ್ಕೇ ನಮ್ಮ ವಾರ್ಡಿನಲ್ಲಿ ಅಂಥವರ ಮುಂದೆ ‘ಇವರು ಉಳಿಯಲ್ಲ’ ಅನ್ನುವ ಮಾತನ್ನು ಯಾರಿಗೂ ಆಡಲು ಬಿಡುವುದಿಲ್ಲ.

ಪದದ ಮೂಲ ನನಗೆ ಗೊತ್ತಿಲ್ಲ, ಮೇಷ್ಟ್ರು ಬರಲಿ.

ಬೇಲೂರು ಮೇಷ್ಟ್ರು:

ಬಂದೆ. 31 ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿದವನು ನಾನು. ಈ ಪದ ನನಗೆ ಬಹಳ ಪ್ರೀತಿಯದು.

ಪದದಲ್ಲಿ ಎರಡು ತುಂಡು. ನ್ಯೂರೋ, ಟಾಕ್ಸಿಕ್. ಎರಡೂ ಗ್ರೀಕಿನಿಂದ ಬಂದವು. ಹಿಂದಿನ ತುಂಡನ್ನು ಮೊದಲು ಹೇಳುತ್ತೇನೆ.

ಟಾಕ್ಸಾನ್ ಅಂದರೆ ಗ್ರೀಕ್ ಭಾಷೆಯಲ್ಲಿ ವಿಷ ಅಲ್ಲ. ಬಿಲ್ಲು! ಬಾಣದ ತುದಿಗೆ ಸವರುವ ವಿಷವನ್ನು ಅವರು ‘ಟಾಕ್ಸಿಕಾನ್ ಫಾರ್ಮಕಾನ್’ ಅನ್ನುತ್ತಿದ್ದರು. ಫಾರ್ಮಕಾನ್ ಅಂದರೆ ಮದ್ದು. ಒಟ್ಟಿಗೆ ‘ಬಿಲ್ಲಿನ ಮದ್ದು’. ಆಡಿ ಆಡಿ ಎರಡನೇ ಪದ ಉದುರಿತು. ಬಿಲ್ಲು ಅನ್ನುವ ಪದವೇ ವಿಷ ಅನ್ನುವ ಅರ್ಥ ಹೊತ್ತುಕೊಂಡು ಲ್ಯಾಟಿನ್‌ಗೆ ‘ಟಾಕ್ಸಿಕಮ್’ ಆಗಿ ಹೋಯಿತು. ಉದುರಿದ ಫಾರ್ಮಕಾನ್ ಇವತ್ತು ಫಾರ್ಮಸಿ ಆಗಿ ಮೆಡಿಕಲ್ ಸ್ಟೋರಿನ ಬೋರ್ಡಿನ ಮೇಲಿದೆ. ಟಾಕ್ಸಿನ್ ಅನ್ನುವ ರೂಪ ಮಾತ್ರ ಹೊಸದು. 1880ರ ದಶಕದಲ್ಲಿ ರೋಗಾಣುಗಳು ತಯಾರಿಸುವ ವಿಷಗಳ ಮೇಲೆ ಜರ್ಮನಿಯಲ್ಲಿ ಕೆಲಸ ಮಾಡುತ್ತಿದ್ದ ಲುಡ್ವಿಗ್ ಬ್ರೀಗರ್ ಅದನ್ನು ಬಳಕೆಗೆ ತಂದರು.

ಫಾರ್ಮಕಾನ್‌ಗೆ ಮದ್ದು ಅಂದೆ, ಔಷಧಿ ಅನ್ನಲಿಲ್ಲ. ಬೇಕಂತಲೇ ಹಾಗೆ ಅಂದೆ. ಗ್ರೀಕರ ಆ ಪದಕ್ಕೆ ರೋಗ ಗುಣಪಡಿಸುವುದು ಅಂತಲೂ ಅರ್ಥ, ವಿಷ ಅಂತಲೂ ಅರ್ಥ, ಮಾಟದ ಪುಡಿ ಅಂತಲೂ ಅರ್ಥ. ನಮ್ಮ ಮದ್ದು ಅಚ್ಚು ಅದೇ ಥರ ಅಲ್ವಾ? ಕೆಮ್ಮಿಗೆ ಮದ್ದು ಕೊಡುತ್ತೇವೆ. ‘ಯಾರೋ ಮದ್ದು ಹಾಕಿದ್ದಾರೆ’ ಅಂತ ಹೆದರುತ್ತೇವೆ. ಮಲೆನಾಡಿನ ಕಡೆ ಕೈಮದ್ದು ಅನ್ನುವ ಮಾತು ಇನ್ನೂ ಇದೆ.

ಆಲೂರು ಶುಂಠಿ:

ಮೇಷ್ಟ್ರೇ, ಬಿಲ್ಲಿಂದ ವಿಷಕ್ಕೆ ಅಷ್ಟು ದೂರ ಬರುತ್ತದಾ ಒಂದು ಪದ? ನಂಬಲು ಕಷ್ಟ ಆಗುತ್ತಿದೆ.

ಬೇಲೂರು ಮೇಷ್ಟ್ರು:

ದೂರ ಬಂದಿದೆ, ಆದರೆ ಹೆಜ್ಜೆ ಸಣ್ಣ ಸಣ್ಣದು. ನಮ್ಮಲ್ಲೂ ನೋಡಿ. ಅಮರಕೋಶದಲ್ಲಿ ವಿಷ ಸವರಿದ ಬಾಣಕ್ಕೆ ದಿಗ್ಧ, ಲಿಪ್ತಕ ಅಂತ ಎರಡು ಹೆಸರಿವೆ. ಎರಡರ ಅರ್ಥವೂ ‘ಸವರಿದ್ದು’ ಅಂತ ಅಷ್ಟೇ. ಏನು ಸವರಿದ್ದು ಅಂತ ಹೇಳುವ ಅಗತ್ಯವೇ ಇರಲಿಲ್ಲ. ಕೇಳಿದವನಿಗೆ ಗೊತ್ತಿತ್ತು.

ಹಾಸನ ನರ್ಸಕ್ಕ:

ಇದನ್ನು ಓದಿ ಮೈ ಜುಮ್ ಅಂತು. ಯಾಕೆ ಅಂದರೆ ಬಾಣದ ವಿಷವನ್ನು ನಾವು ದಿನಾ ಬಳಸುತ್ತೇವೆ! ದಕ್ಷಿಣ ಅಮೆರಿಕದ ಕಾಡಿನ ಜನ ಬಾಣಕ್ಕೆ ಸವರುತ್ತಿದ್ದದ್ದು ಕುರಾರೆ ಅನ್ನುವ ಬಳ್ಳಿಯ ರಸ. 1850ರ ಸುಮಾರಿಗೆ ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ ಕಪ್ಪೆಗಳ ಮೇಲೆ ಪ್ರಯೋಗ ಮಾಡಿ ಒಂದು ವಿಷಯ ಕಂಡುಕೊಂಡರು. ಕುರಾರೆ ಕೊಟ್ಟ ಕಪ್ಪೆಯ ಮಾಂಸಖಂಡವನ್ನು ನೇರವಾಗಿ ಚುಚ್ಚಿದರೆ ಬಿಗಿಯುತ್ತದೆ, ನರದ ಮೂಲಕ ಕರೆದರೆ ಓಗೊಡುವುದಿಲ್ಲ. ಅಂದರೆ ಕೆಟ್ಟದ್ದು ಎರಡರ ನಡುವಿನ ಜಾಗ. ನಾಗರಹಾವಿನ ವಿಷ ಕೂರುವುದೂ ಅದೇ ಜಾಗದಲ್ಲಿ. 1942ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಹೆರಾಲ್ಡ್ ಗ್ರಿಫಿತ್ ಆಪರೇಷನ್ ಮಾಡುವಾಗ ಮೈ ಸಡಿಲ ಆಗಲಿ ಅಂತ ಕುರಾರೆ ಕೊಟ್ಟರು. ಈಗ ಥಿಯೇಟರಿನಲ್ಲಿ ನಾವು ಕೊಡುವ ವೆಕುರೋನಿಯಮ್, ಅಟ್ರಾಕ್ಯೂರಿಯಮ್ ಎಲ್ಲಾ ಅದರ ದಾರಿಯಲ್ಲೇ ಬಂದವು. ಮೇಷ್ಟ್ರ ‘ಮದ್ದು’ ಪದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾ?

ಕೊಪ್ಪದ ಹುಡುಗಿ:

ಮುಂದಿನ ತುಂಡು ನಾನು ಹೇಳಲಾ ಮೇಷ್ಟ್ರೇ? ಭಾಷಾವಿಜ್ಞಾನ ಓದುತ್ತಿದ್ದೇನೆ, ತಪ್ಪಿದ್ದರೆ ತಿದ್ದಿ.

ಗ್ರೀಕಿನ ನ್ಯೂರಾನ್, ಲ್ಯಾಟಿನ್ನಿನ ನೆರ್ವಸ್, ಸಂಸ್ಕೃತದ ಸ್ನಾಯು. ಮೂರೂ ಒಂದೇ ಬೇರಿನ ಪದಗಳು. ಮೊದಲಿಗೆ ಇವಕ್ಕೆ ನರ ಅನ್ನುವ ಅರ್ಥವೇ ಇರಲಿಲ್ಲ. ಮೂಳೆಗೂ ಮಾಂಸಕ್ಕೂ ನಡುವೆ ಬಿಳಿ ಹುರಿಯ ಹಾಗೆ ಗಟ್ಟಿಯಾಗಿ ಇರುತ್ತಲ್ಲ, ಕೋಳಿ ಕಾಲು ಬಿಡಿಸುವಾಗ ಕೈಗೆ ಸಿಗುವುದು, ಅದಕ್ಕೆ ಆ ಹೆಸರು. ಕೊಯ್ದು ನೋಡಿದಾಗ ನರವೂ ಬಿಳಿ ಹುರಿಯೇ. ಹಳೆಯ ಕಾಲದಲ್ಲಿ ಎರಡಕ್ಕೂ ವ್ಯತ್ಯಾಸ ಗೊತ್ತಿರಲಿಲ್ಲ. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ಹೆರೋಫಿಲಸ್ ಮತ್ತು ಎರಾಸಿಸ್ಟ್ರಾಟಸ್ ದೇಹ ಕೊಯ್ದು ನೋಡಿ, ಮೆದುಳಿಗೆ ಸೇರುವ ಹುರಿಗಳೇ ಬೇರೆ ಅಂತ ಗುರುತಿಸಿದರು. ಹೆಸರು ಮಾತ್ರ ಹಳೆಯದೇ ಉಳಿಯಿತು. ನರಕೋಶ ಅನ್ನುವ ಅರ್ಥದಲ್ಲಿ ನ್ಯೂರಾನ್ ಅಂತ ಹೆಸರಿಟ್ಟಿದ್ದು 1891ರಲ್ಲಿ, ಜರ್ಮನಿಯ ವಾಲ್ಡೆಯರ್.

ಸ್ನಾಯುವಿನ ಪಾಡು ನೋಡಿ. ಕನ್ನಡದಲ್ಲಿ ಅದು ಮಾಂಸಖಂಡ ಆಯಿತು. ಬಂಗಾಳಿಯಲ್ಲಿ ಸ್ನಾಯು ಅಂದರೆ ನರ! ಹಾಗಾಗಿ ಒಂದೇ ಸಂಸ್ಕೃತ ಪದ ಇಟ್ಟುಕೊಂಡು ಹೊಸ ಪದ ಕಟ್ಟಿದರೆ ನಾವು ಒಂದು ಅರ್ಥ ಮಾಡಿಕೊಳ್ಳುತ್ತೇವೆ, ಅವರು ಇನ್ನೊಂದು.

ಬೇಲೂರು ಮೇಷ್ಟ್ರು:

ಮಗಳೇ, ಎಲ್ಲಾ ಸರಿಯಾಗಿ ಹೇಳಿದೆ. ಒಂದು ಮಾತ್ರ ಬಿಟ್ಟೆ. ಅದೇ ಮುಖ್ಯ.

ಹಿಂದೆ ಬಿಲ್ಲಿನ ಹೆದೆ ಮಾಡುತ್ತಿದ್ದದ್ದು ಯಾವುದರಿಂದ? ಎತ್ತಿನ ಕಾಲಿನ, ಬೆನ್ನಿನ ಅದೇ ಬಿಳಿ ಹುರಿಯಿಂದ. ಗ್ರೀಕರ ಹಳೆಯ ಕಾವ್ಯದಲ್ಲಿ ಬಿಲ್ಲುಗಾರ ಎತ್ತಿನ ‘ನ್ಯೂರಾ’ ಹಿಡಿದು ಎಳೆಯುತ್ತಾನೆ. ಸಂಸ್ಕೃತದ ಸ್ನಾಯುವಿಗೂ ನಿಘಂಟಿನಲ್ಲಿ ಬಿಲ್ಲಿನ ಹಗ್ಗ ಅನ್ನುವ ಅರ್ಥ ಇದೆ. ಈಗ ಎರಡು ತುಂಡನ್ನೂ ಜೋಡಿಸಿ. ನ್ಯೂರೋ ಅಂದರೆ ಹೆದೆ. ಟಾಕ್ಸಿಕ್ ಅಂದರೆ ಬಿಲ್ಲಿನದು. ಆಸ್ಪತ್ರೆಯ ಚೀಟಿಯಲ್ಲಿ ನಿಮ್ಮನ್ನು ಹೆದರಿಸಿದ ಪದದ ಒಳಗೆ ಒಂದು ಇಡೀ ಬಿಲ್ಲು ಇದೆ, ಹೆದೆ ಸಮೇತ.

ಕನ್ನಡದಲ್ಲೂ ಹೆದೆಗೆ ಇನ್ನೊಂದು ಹೆಸರಿದೆ, ನಾರಿ. ನಾರು ಅನ್ನುವುದರಿಂದ ಬಂದದ್ದು. ನಮ್ಮೂರಿನ ಚೆನ್ನಕೇಶವ ದೇವಸ್ಥಾನ 1117ರದ್ದು. ಅಲ್ಲಿನ ಮದನಿಕೆಯರಲ್ಲಿ ಬಿಲ್ಲು ಹಿಡಿದ ಬೇಟೆಗಾರ್ತಿಯೂ ಇದ್ದಾಳೆ. ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ಅವಳ ಕೆಳಗೆ ನಿಲ್ಲಿಸಿ ಈ ಪದ ಬಿಡಿಸಿ ಹೇಳುತ್ತಿದ್ದೆ. ಪರೀಕ್ಷೆಯಲ್ಲಿ ಬರುವುದಿಲ್ಲ ಅಂತ ಗೊತ್ತಿತ್ತು. ಆದರೂ ಹೇಳುತ್ತಿದ್ದೆ.

ಹೊಳೆನರಸೀಪುರ ವೀಣೆ:

ನಮ್ಮ ಮನೆಮಾತು ತಮಿಳು. ನರಕ್ಕೆ ನಾವು ನರಂಬು ಅನ್ನುತ್ತೇವೆ. ಹಳೆಯ ತಮಿಳಿನಲ್ಲಿ ಯಾಳ್ ಅನ್ನುವ ವಾದ್ಯದ ತಂತಿಗೂ ನರಂಬು ಅಂತಲೇ ಹೆಸರು. ಅವರಿಗೆ ಬಿಲ್ಲಿನ ಹೆದೆ, ನಮಗೆ ವೀಣೆಯ ತಂತಿ. ಎಳೆದು ಕಟ್ಟಿದ ಹುರಿ ಅನ್ನುವುದು ಎರಡರಲ್ಲೂ ಒಂದೇ.

ಕೊಪ್ಪದ ಹುಡುಗಿ:

ಹೌದಕ್ಕಾ, ಕನ್ನಡದ ನರ, ತಮಿಳಿನ ನರಂಬು, ತೆಲುಗಿನ ನರಮು ಎಲ್ಲಾ ಒಂದೇ ಮನೆಯವು. ಸಂಸ್ಕೃತದ ನರ, ಅಂದರೆ ಮನುಷ್ಯ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಅರಸೀಕೆರೆಯವರಿಗೆ ಇನ್ನೊಂದು ಸಂಗತಿ. ಕಟ್ಟುಹಾವಿನ ಕುಲಕ್ಕೆ ವಿಜ್ಞಾನದಲ್ಲಿ ಬಂಗಾರಸ್ ಅಂತ ಹೆಸರು. ಅದು ನಮ್ಮ ಬಂಗಾರವೇ! ಪ್ಯಾಟ್ರಿಕ್ ರಸೆಲ್ ಅನ್ನುವ ವೈದ್ಯರು ಆಂಧ್ರದ ಕರಾವಳಿಯಲ್ಲಿದ್ದಾಗ ಹಾವುಗಳ ಬಗ್ಗೆ ಬರೆದರು, 1796ರಲ್ಲಿ ಅಚ್ಚಾಯಿತು. ಹಳದಿ ಪಟ್ಟೆಯ ಕಟ್ಟುಹಾವಿಗೆ ಅಲ್ಲಿನ ತೆಲುಗು ಜನ ಬಂಗಾರು ಪಾಮು ಅನ್ನುತ್ತಿದ್ದರು, ಅವರು ಅದನ್ನೇ ಬರೆದುಕೊಂಡರು. 1803ರಲ್ಲಿ ಫ್ರಾನ್ಸಿನ ದೊಡಾನ್ ಅದರಿಂದ ಕುಲದ ಹೆಸರು ಮಾಡಿದರು. ಆಮೇಲೆ 1963ರಲ್ಲಿ ತೈವಾನಿನ ಚಾಂಗ್ ಮತ್ತು ಲೀ ಅನ್ನುವ ಇಬ್ಬರು ಆ ವಿಷವನ್ನು ಬೇರೆ ಬೇರೆ ಮಾಡಿ ಬಂಗಾರೋಟಾಕ್ಸಿನ್ ಅಂದರು. ನರ್ಸಕ್ಕ ಹೇಳಿದ ‘ಆಚೆ ದಡ’ ಹೇಗಿದೆ ಅಂತ ಜಗತ್ತಿಗೆ ಗೊತ್ತಾಗಿದ್ದರಲ್ಲಿ ಆ ವಿಷದ ಪಾತ್ರ ಬಹಳ ದೊಡ್ಡದು. ಅಷ್ಟು ಗಟ್ಟಿಯಾಗಿ ಅದು ಅಲ್ಲಿ ಹಿಡಿದುಕೊಳ್ಳುತ್ತದೆ.

ಸಕಲೇಶಪುರ ತೋಟ:

ಎಲ್ಲಾ ಓದುತ್ತಾ ಬಂದೆ. ನನ್ನ ಪ್ರಶ್ನೆ ಹಾವಿನದಲ್ಲ. ನಮ್ಮದು ಅರೇಬಿಕಾ ಕಾಫಿ ತೋಟ. ಬಿಳಿ ಕಾಂಡಕೊರಕ ಹುಳಕ್ಕೆ ಕ್ಲೋರ್‌ಪೈರಿಫಾಸ್ ಅನ್ನುವ ಔಷಧಿ ಹೊಡೆಯುತ್ತೇವೆ. ಅದು ನ್ಯೂರೋಟಾಕ್ಸಿನ್ನಾ?

ಕೇಳುವುದಕ್ಕೆ ಕಾರಣ ಇದೆ. ಎಷ್ಟೋ ವರ್ಷದ ಹಿಂದೆ, ನಾನಿನ್ನೂ ತೋಟ ನೋಡಿಕೊಳ್ಳಲು ಶುರು ಮಾಡಿದ್ದ ಕಾಲ. ನಮ್ಮ ಆಳೊಬ್ಬ ಬರಿ ಮೈಯಲ್ಲಿ ಹೊಡೆಯುತ್ತಿದ್ದ. ಬೆನ್ನಿನ ಪಂಪು ಸೋರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ಮೈ ಎಲ್ಲಾ ಬೆವರು. ತೋಳಿನ ಮಾಂಸ ಚರ್ಮದ ಕೆಳಗೆ ಹುಳ ಹರಿದ ಹಾಗೆ ಅದುರುತ್ತಿತ್ತು. ಬಿಸಿಲಿಗೆ ಹಾಗಾಗಿದೆ ಅಂತ ನೆರಳಿಗೆ ಮಲಗಿಸಿದೆವು, ಮಜ್ಜಿಗೆ ಕೊಟ್ಟೆವು. ಬಟ್ಟೆ ಬಿಚ್ಚಿಸಿ ಸೋಪು ಹಾಕಿ ತೊಳೆಯಬೇಕು ಅಂತ ನಮಗೆ ಯಾರೂ ಹೇಳಿರಲಿಲ್ಲ. ಮಾರಿದ ಅಂಗಡಿಯವರೂ ಹೇಳಿರಲಿಲ್ಲ. ಅವನು ಬದುಕಿದ. ಆದರೆ ಆ ಒಂದು ಗಂಟೆ ನೆರಳಲ್ಲಿ ಮಲಗಿಸಿದ್ದು ಇವತ್ತಿಗೂ ನನ್ನ ಮನಸ್ಸನ್ನು ಕೊರೆಯುತ್ತದೆ.

ಹಾಸನ ನರ್ಸಕ್ಕ:

ಅಣ್ಣಾ, ನೀವು ಬರೆದ ಒಂದೊಂದು ಲಕ್ಷಣವೂ ಪಾಠದಲ್ಲಿ ಇರುವ ಹಾಗೇ ಇದೆ. ಜೊತೆಗೆ ಕಣ್ಣಿನ ಪಾಪೆ ಸಾಸಿವೆ ಕಾಳಿಗಿಂತ ಸಣ್ಣದಾಗಿರುತ್ತದೆ.

ಇದು ಕಟ್ಟುಹಾವಿನ ತದ್ವಿರುದ್ಧ. ಅಲ್ಲಿ ಸಂದಿಗೆ ರಸ ಬರುವುದಿಲ್ಲ, ಬಂದರೂ ಹಿಡಿಯುವವರಿಲ್ಲ. ಇಲ್ಲಿ ಬಂದ ರಸ ಹೋಗುವುದೇ ಇಲ್ಲ. ರಸವನ್ನು ಕೆಲಸ ಮುಗಿದ ಮೇಲೆ ಒಡೆದು ಹಾಕುವ ಒಂದು ಕಿಣ್ವ ಇದೆ. ಈ ಔಷಧಿ ಆ ಕಿಣ್ವವನ್ನು ಹಿಡಿದುಹಾಕುತ್ತದೆ. ರಸ ತುಂಬಿ ತುಳುಕುತ್ತದೆ. ಮಾಂಸ ಮೊದಲು ಅದುರುತ್ತದೆ, ಆಮೇಲೆ ಸೋತು ಬೀಳುತ್ತದೆ. ಎದೆಯೊಳಗೆ ನೀರು ತುಂಬುತ್ತದೆ. ಇದಕ್ಕೆ ಅಟ್ರೋಪಿನ್ ಅನ್ನುವ ಮದ್ದು ಕೊಡುತ್ತೇವೆ, ಪಾಪೆ ಮತ್ತು ಎದೆಯ ಸದ್ದು ನೋಡಿಕೊಂಡು ಮತ್ತೆ ಮತ್ತೆ ಕೊಡುತ್ತೇವೆ. ಆಸ್ಪತ್ರೆಗೆ ಬರುವಾಗ ಡಬ್ಬಿಯ ಲೇಬಲ್ ತನ್ನಿ. ಎಷ್ಟೋ ಜನ ‘ಎಣ್ಣೆ ಹೊಡೀತಿದ್ದ’ ಅಂತ ಮಾತ್ರ ಹೇಳುತ್ತಾರೆ. ಯಾವ ಎಣ್ಣೆ ಅಂತ ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ.

ಪದದ ಲೆಕ್ಕದಲ್ಲಿ ಕಟ್ಟುನಿಟ್ಟಾಗಿ ಹೇಳಿದರೆ ಟಾಕ್ಸಿನ್ ಅಂದರೆ ಜೀವಿಯ ಮೈಯಲ್ಲಿ ಹುಟ್ಟಿದ ವಿಷ. ಹಾವು, ಚೇಳು, ರೋಗಾಣು, ಗಿಡ. ಕಾರ್ಖಾನೆಯಲ್ಲಿ ಮಾಡಿದ್ದಕ್ಕೆ, ಸೀಸ ಪಾದರಸದಂಥ ಲೋಹಕ್ಕೆ ಟಾಕ್ಸಿಕೆಂಟ್ ಅನ್ನುತ್ತಾರೆ. ಆದರೆ ‘ನ್ಯೂರೋಟಾಕ್ಸಿಕ್’ ಅಂತ ಗುಣ ಹೇಳುವಾಗ ಎರಡಕ್ಕೂ ನಡೆಯುತ್ತದೆ.

ಬೇಲೂರು ಮೇಷ್ಟ್ರು:

‘ಔಷಧಿ ಹೊಡೆದೆವು’ ಅಂತ ನೀವಿಬ್ಬರೂ ಸಲೀಸಾಗಿ ಬರೆದಿರಿ. ಕೊಲ್ಲುವ ವಿಷಕ್ಕೆ ಔಷಧಿ ಅನ್ನುವುದು! ಫಾರ್ಮಕಾನ್ ಎಲ್ಲೂ ಹೋಗಿಲ್ಲ, ನಮ್ಮ ತೋಟಗಳಲ್ಲೇ ಇದೆ. ಆದರೆ ಈ ಹೆಸರಿನಿಂದ ನನಗೆ ಭಯವೂ ಆಗುತ್ತದೆ. ಔಷಧಿ ಅಂದ ಮೇಲೆ ಬರಿಗೈಯಲ್ಲಿ ಕಲಸಿದರೆ ಏನಾಗುತ್ತದೆ ಅಂತ ಜನ ಅಂದುಕೊಳ್ಳುತ್ತಾರೆ. ಈ ಜಾತಿಯ ರಾಸಾಯನಿಕಗಳ ಮೇಲೆ 1930ರ ದಶಕದಲ್ಲಿ ಜರ್ಮನಿಯಲ್ಲಿ ಗೆರ್ಹಾರ್ಡ್ ಶ್ರಾಡರ್ ಕೀಟನಾಶಕ ಹುಡುಕುತ್ತಿದ್ದರು. ಹುಡುಕುತ್ತಾ ಸಿಕ್ಕಿದ್ದು ಮನುಷ್ಯರನ್ನೇ ಕೊಲ್ಲುವ ವಿಷಗಳು, ಮೊದಲು ಟಾಬುನ್, ಆಮೇಲೆ ಸಾರಿನ್. 1995ರಲ್ಲಿ ಟೋಕಿಯೋದ ಮೆಟ್ರೋ ರೈಲಿನಲ್ಲಿ ಬಿಟ್ಟರಲ್ಲ, ಅದೇ ಸಾರಿನ್. ಕಾಂಡಕೊರಕದ ಔಷಧಿಯೂ ಅದೂ ದಾಯಾದಿಗಳು.

ಆಲೂರು ಶುಂಠಿ:

ನಾನು ಶುಂಠಿ ಬೆಳೆಯುವವನು, ಅದಕ್ಕೆ ಒಂದು ಸೇರಿಸುತ್ತೇನೆ. ಎಲ್ಲೋ ಓದಿ ಮರೆಯಲಾಗದೆ ಉಳಿದದ್ದು. 1930ರಲ್ಲಿ ಅಮೆರಿಕದಲ್ಲಿ ಮದ್ಯ ನಿಷೇಧ ಇತ್ತು. ಬಡವರು ಜಮೈಕಾ ಶುಂಠಿ ಅನ್ನುವ ಮದ್ದನ್ನು ಅಮಲಿಗೆ ಕುಡಿಯುತ್ತಿದ್ದರು. ಸರ್ಕಾರದ ಪರೀಕ್ಷೆಯಲ್ಲಿ ಪಾಸಾಗಲಿ ಅಂತ ತಯಾರಿಸಿದವರು ಅದಕ್ಕೆ ಪ್ಲಾಸ್ಟಿಕ್ ಕೆಲಸದ ಒಂದು ರಾಸಾಯನಿಕ ಬೆರೆಸಿದರು. ಅದೂ ಈ ಕೀಟನಾಶಕಗಳ ಹಾಗೆ ರಂಜಕದ, ಅಂದರೆ ಫಾಸ್ಫರಸ್ಸಿನ, ಜಾತಿಯದೇ. ಸಾವಿರಾರು ಜನರ ಕಾಲು ಬಿದ್ದುಹೋಯಿತು. ನಡೆಯುವಾಗ ಪಾದ ಎತ್ತಲಾಗದೆ ಪಟ್ ಪಟ್ ಅಂತ ನೆಲಕ್ಕೆ ಬಡಿಯುತ್ತಿತ್ತಂತೆ. ಶುಂಠಿಯ ತಪ್ಪು ಏನೂ ಇರಲಿಲ್ಲ.

ಬೇಲೂರು ಮೇಷ್ಟ್ರು:

ಎಲ್ಲಕ್ಕಿಂತ ದೊಡ್ಡ ಮಾತನ್ನು ಇನ್ನೂ ಹೇಳಿಲ್ಲ. ರಾತ್ರಿ ಮಲಗಿದವನು ಎದ್ದು ಬಂದು ಬರೆಯುತ್ತಿದ್ದೇನೆ.

ಧನುರ್ವಾಯು! ತುಕ್ಕು ಮೊಳೆ ಚುಚ್ಚಿದರೆ ಇಂಜೆಕ್ಷನ್ ಹಾಕಿಸಿಕೊಳ್ಳುತ್ತೇವಲ್ಲ, ಅದೇ ಕಾಯಿಲೆ. ಆ ರೋಗಾಣು ಗಾಯದಲ್ಲೇ ಇರುತ್ತದೆ. ಅದು ಬಿಡುವ ವಿಷ ನರದ ಒಳಗೇ ಮೇಲಕ್ಕೆ ಏರಿ ಬೆನ್ನುಹುರಿ ಸೇರುತ್ತದೆ. ಅಲ್ಲಿ ‘ಸಾಕು, ಸಡಿಲಿಸು’ ಅಂತ ಹೇಳುವ ನರಗಳ ಬಾಯಿ ಕಟ್ಟುತ್ತದೆ. ಹೇಳುವವರಿಲ್ಲದೆ ಮಾಂಸಖಂಡಗಳೆಲ್ಲ ಬಿಗಿಯುತ್ತಲೇ ಹೋಗುತ್ತವೆ. ದವಡೆ ಕಚ್ಚಿಕೊಳ್ಳುತ್ತದೆ. ಬೆನ್ನು ಹಿಂದಕ್ಕೆ ಬಾಗಿ, ತಲೆ ಮತ್ತು ಹಿಮ್ಮಡಿ ಮಾತ್ರ ಹಾಸಿಗೆಗೆ ತಾಗುತ್ತವೆ. ನಾನು ಹುಡುಗನಾಗಿದ್ದಾಗ ನಮ್ಮ ಬೀದಿಯಲ್ಲಿ ಒಬ್ಬರನ್ನು ಹಾಗೆ ನೋಡಿದ್ದೇನೆ. ಅದನ್ನು ನೋಡಿಯೇ ನಮ್ಮ ಹಿರಿಯರು ಬಿಲ್ಲಿನ ಹೆಸರಿಟ್ಟರು. ಧನುಸ್ಸು. ಗ್ರೀಕರ ಟೆಟನಸ್ ಅನ್ನುವ ಪದವೂ ‘ಎಳೆದು ಬಿಗಿಯುವುದು’ ಅನ್ನುವುದರಿಂದಲೇ ಬಂದದ್ದು.

ಈಗ ಹೇಳಿ. ಅವರು ಬಾಣದ ತುದಿಯ ವಿಷ ನೋಡಿ ಬಿಲ್ಲಿನ ಹೆಸರಿಟ್ಟರು. ನಾವು ವಿಷ ಏರಿದ ಮೈ ನೋಡಿ ಬಿಲ್ಲಿನ ಹೆಸರಿಟ್ಟೆವು. ಧನುರ್ವಾಯು ಅಂದರೆ ಹೆದೆ ಅತಿಯಾಗಿ ಬಿಗಿದ ಬಿಲ್ಲು. ಅರಸೀಕೆರೆಯ ಚಿಕ್ಕಪ್ಪನವರಿಗೆ ಆಗಿದ್ದು ಹೆದೆ ಇಳಿಸಿದ ಬಿಲ್ಲು. ಬಿಲ್ಲು ಮುರಿದಿರಲಿಲ್ಲ, ತಮ್ಮಾ. ಹೆದೆ ಇಳಿದಿತ್ತು. ಮತ್ತೆ ಏರಿತು. ಚಿಕ್ಕಮ್ಮನಿಗೆ ಹೀಗೆ ಹೇಳಿ.

ಸಕಲೇಶಪುರ ತೋಟ:

ಮೇಷ್ಟ್ರೇ, ನಮ್ಮ ಕಡೆ ಕಾಸರಕನ ಮರ ಇದೆ. ಅದರ ಬೀಜ ತಿಂದ ನಾಯಿಯೂ ಹೀಗೇ ಬೆನ್ನು ಬಾಗಿಸಿಕೊಂಡು ಸೆಟೆದು ಬೀಳುತ್ತದೆ.

ಬೇಲೂರು ಮೇ‌ಷ್ಟ್ರು:

ಅದರಲ್ಲಿರುವುದು ಸ್ಟ್ರಿಕ್ನಿನ್. 1818ರಲ್ಲಿ ಫ್ರಾನ್ಸಿನಲ್ಲಿ ಬೇರೆ ಮಾಡಿ ತೆಗೆದರು. ಅದೂ ‘ಸಡಿಲಿಸು’ ಅನ್ನುವ ಮಾತನ್ನೇ ತಡೆಯುತ್ತದೆ. ಧನುರ್ವಾಯುವಿನಲ್ಲಿ ಹೇಳುವವರ ಬಾಯಿ ಕಟ್ಟಿದರೆ, ಇದು ಕೇಳುವವರ ಕಿವಿ ಮುಚ್ಚುತ್ತದೆ.

ಅರಸೀಕೆರೆ ತೆಂಗು:

ಇಷ್ಟೊಂದು ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಕೈ ಮುಗಿಯುತ್ತೇನೆ. ಕನ್ನಡ ಪದದ ಪ್ರಶ್ನೆ ಹಾಗೇ ಉಳಿಯಿತು. ‘ನರಘಾತಕ ವಿಷ’ ಅಂತ ಒಂದು ಕಡೆ ನೋಡಿದೆ. ಸರಿಯಾ?

ಕೊಪ್ಪದ ಹುಡುಗಿ:

ದಯವಿಟ್ಟು ಅದು ಬೇಡ. ನರಘಾತಕ ಅಂದರೆ ಮನುಷ್ಯರನ್ನು ಕೊಲ್ಲುವವನು ಅಂತಲೇ ಕೇಳಿಸುತ್ತದೆ. ಆಗಲೇ ಹೇಳಿದೆನಲ್ಲ, ಎರಡು ನರ ಇವೆ. ಸಂಸ್ಕೃತದ ಪದದ ಪಕ್ಕ ಕೂರಿಸಿದ ತಕ್ಷಣ ನಮ್ಮ ನರ ಅವರ ನರ ಆಗಿಬಿಡುತ್ತದೆ. ನರವಿಷ ಪರವಾಗಿಲ್ಲ, ಪುಸ್ತಕಕ್ಕೆ ಸಾಕು. ನನಗೆ ಇಷ್ಟ ಆಗುವುದು ನರನಂಜು. ಎರಡೂ ಅಚ್ಚ ಕನ್ನಡ.

ಆಲೂರು ಶುಂಠಿ:

ನಂಜು ಅಂದರೆ ನಮ್ಮಮ್ಮ ಬದನೆಕಾಯಿ ತಿನ್ನಬೇಡ ಅಂತಾರೆ. ಗಾಯ ಕೀವಾದರೂ ನಂಜು, ಬಾಣಂತಿಗೂ ನಂಜು. ಹಾವಿನದಕ್ಕೆ ಸಾಕಾಗುತ್ತದಾ?

ಕೊಪ್ಪದ ಹುಡುಗಿ:

ಅದೇ ಅದರ ಶಕ್ತಿ ಅಣ್ಣಾ. ಎಲ್ಲರ ಬಾಯಲ್ಲೂ ಇದೆ. ನಂಜುಂಡ ಅಂತ ಶಿವನಿಗೇ ಹೆಸರಿಟ್ಟ ಜನ ನಾವು. ಹಾಲಾಹಲ ಕುಡಿದವನಿಗೆ ಸಾಕಾದ ಪದ ಹಾವಿಗೆ ಸಾಲದಾ?

ಹಾಸನ ನರ್ಸಕ್ಕ:

ಮನೆಯಲ್ಲಿ ನರನಂಜು ಅನ್ನಿ, ನನಗೂ ಹಿಡಿಸಿತು. ಆದರೆ ನ್ಯೂರೋಟಾಕ್ಸಿಕ್ ಅನ್ನುವ ಪದವನ್ನೂ ಮನೆಯವರೆಲ್ಲ ಬಾಯಿಪಾಠ ಮಾಡಿ. ಮುಂದೆ ಯಾವುದಾದರೂ ಆಸ್ಪತ್ರೆಗೆ ಹೋದಾಗ ‘ಹಿಂದೆ ನ್ಯೂರೋಟಾಕ್ಸಿಕ್ ಹಾವು ಕಚ್ಚಿತ್ತು, ಹಾವಿನ ಮದ್ದು ಕೊಟ್ಟಿದ್ದರು’ ಅಂತ ಹೇಳಬೇಕು. ಆ ಮದ್ದು ಕುದುರೆಯ ರಕ್ತದಿಂದ ಮಾಡಿದ್ದು, ಕೆಲವರಿಗೆ ಅಲರ್ಜಿ ಆಗುತ್ತದೆ, ಅದಕ್ಕೆ.

ಎಲ್ಲರಿಗೂ ಒಂದು ಮಾತು. ಊತ ಇಲ್ಲ, ನೋವಿಲ್ಲ ಅಂದರೆ ಏನೂ ಆಗಿಲ್ಲ ಅಂತಲ್ಲ. ರಾತ್ರಿ ನೆಲದ ಮೇಲೆ ಮಲಗಿದವರಿಗೆ ಬೆಳಿಗ್ಗೆ ಹೊಟ್ಟೆನೋವು, ರೆಪ್ಪೆ ಇಳಿಯುವುದು, ಮಾತು ತೊದಲುವುದು ಕಂಡರೆ ಗಾಯ ಹುಡುಕುತ್ತಾ ಕೂರಬೇಡಿ, ಹೊರಡಿ. ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ನಡೆಸಬೇಡಿ. ಎಂಜಲು ನುಂಗಲು ಆಗದವರನ್ನು ಮಗ್ಗುಲಾಗಿ ಮಲಗಿಸಿ. ನಮ್ಮಲ್ಲಿ ಸಿಗುವ ಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ. ಕೊಪ್ಪ, ಶೃಂಗೇರಿ ಕಡೆಯ ಕಾಳಿಂಗ ಇದರಲ್ಲಿ ಇಲ್ಲ. 2024ರಿಂದ ನಮ್ಮ ರಾಜ್ಯದಲ್ಲಿ ಹಾವು ಕಡಿತ ಬಂದರೆ ಆಸ್ಪತ್ರೆಗಳು ಸರ್ಕಾರಕ್ಕೆ ತಿಳಿಸಲೇಬೇಕು. ಎಷ್ಟು ಜನಕ್ಕೆ, ಎಲ್ಲೆಲ್ಲಿ ಅಂತ ಈಗಲಾದರೂ ಲೆಕ್ಕ ಸಿಗುತ್ತದೆ.

ಅರಸೀಕೆರೆ ತೆಂಗು:

ನಿನ್ನೆ ಸಂಜೆ ಜಗಲಿಯಲ್ಲಿ ಕೂತು ಇದನ್ನೆಲ್ಲ ಗಟ್ಟಿಯಾಗಿ ಓದಿದೆ. ಹೆದೆ ಇಳಿದ ಬಿಲ್ಲು ಅನ್ನುವ ಕಡೆ ಬಂದಾಗ ಚಿಕ್ಕಮ್ಮ ಇನ್ನೊಂದು ಸಲ ಓದು ಅಂದರು. ಓದಿದೆ. ‘ಹಂಗಾದ್ರೆ ನಂಜು ನರದ ಬಾಯಿ ಕಟ್ಟಿತ್ತು, ನರ ಹೋಗಿರಲಿಲ್ಲ’ ಅಂದರು. ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ.

ನರ್ಸಕ್ಕಾ, ನೀವು ಹೇಳಿದ ಹಾಗೆ ಚಿಕ್ಕಪ್ಪನನ್ನು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಆಂಬುಲೆನ್ಸಿನಲ್ಲಿ ಚಿಕ್ಕಮ್ಮ ಕಿವಿಯ ಹತ್ತಿರ ಬಗ್ಗಿ ಮಕ್ಕಳ ಹೆಸರು ಒಂದೊಂದಾಗಿ ಹೇಳುತ್ತಿದ್ದದ್ದು ಪೂರ್ತಿ ಕೇಳಿಸುತ್ತಿತ್ತು ಅಂದರು. ಹೂಂ ಅನ್ನಲು ಎಷ್ಟು ಪ್ರಯತ್ನಪಟ್ಟರೂ ಬಾಯಿ ಏಳಲಿಲ್ಲವಂತೆ. ಚಿಕ್ಕಮ್ಮ ಎದ್ದು ಒಳಗೆ ಹೋದರು.

ತೋಟದ ಮನೆಗೆ ಮಂಚ ತಂದಿದ್ದೇವೆ, ಸೊಳ್ಳೆಪರದೆಯನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿ ಮಲಗುತ್ತೇವೆ. ಇವತ್ತು ಬೆಳಿಗ್ಗೆ ಚಿಕ್ಕಪ್ಪ ತಾವೇ 4 ಕಾಯಿ ಸುಲಿದರು. ಸಂಜೆ ಚಿಕ್ಕಮ್ಮ ಎರಡು ಬೆರಳು ಚಾಚಿದರು. ಹಿಡಿದುಕೊಂಡರು, ಆದರೆ ತಕ್ಷಣ ಬಿಡಲಿಲ್ಲ.